ಅರವತ್ತರ ಬಳಿಕ ಗುರಿ: ಉಪನಗರಗಳ ಹಿರಿಯ ಕನ್ನಡಿಗರಿಗೊಂದು ವಿಚಾರ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಎಷ್ಟು ಹಳೆಯದೋ ಅಷ್ಟೇ ನಿರ್ದಯವಾದದ್ದು. ವಯಸ್ಸಾದವರ ಬುದ್ಧಿ ಮಂಕಾಗುತ್ತದೆ ಎಂಬ ಅರ್ಥದಲ್ಲಿ ಮನೆಮನೆಗಳಲ್ಲಿ ಬಳಕೆಯಾಗುವ ಈ ಮಾತನ್ನು ತಲೆಕೆಳಗು ಮಾಡಿ ಕನ್ನಡಿಗರ ಮುಂದಿಟ್ಟವರು ವರಕವಿ ದ.ರಾ. ಬೇಂದ್ರೆಯವರು. 1896ರಲ್ಲಿ ಜನಿಸಿದ ಬೇಂದ್ರೆಯವರು ಇದೇ ಮಹಾರಾಷ್ಟ್ರದ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ ಅಧ್ಯಾಪಕರಾಗಿದ್ದು, 1956ರಲ್ಲಿ ನಿವೃತ್ತರಾಗಿ ಧಾರವಾಡಕ್ಕೆ ಹಿಂದಿರುಗಿದರು. ಅರವತ್ತರ ಆ ಹೊತ್ತಿನಲ್ಲಿ ಹೊರಬಂದ ತಮ್ಮ ಕವನಗಳ ಸಂಪುಟಕ್ಕೆ ಅವರು ಇಟ್ಟ ಹೆಸರು 'ಅರಳು ಮರಳು'. ಮರಳಿ ಅರಳುವುದು ಎಂದೂ ಓದಿಕೊಳ್ಳಬಹುದಾದ ಆ ಹೆಸರಿನ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮುಂದೆ ಜ್ಞಾನಪೀಠವನ್ನು ತಂದುಕೊಟ್ಟ 'ನಾಕು ತಂತಿ' ಪ್ರಕಟವಾದದ್ದು 1964ರಲ್ಲಿ. ಆಗ ಕವಿಗೆ ಅರವತ್ತೆಂಟು ವರ್ಷ.

ಬೇಂದ್ರೆಯವರ ಪ್ರತಿಭೆ ನಮಗೆಲ್ಲಿಂದ ಬರಬೇಕು ಎಂದು ಓದುಗರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಿವೃತ್ತಿಯ ಮರುದಿನದ ಬೆಳಿಗ್ಗೆ ಎಲ್ಲರಿಗೂ ಒಂದೇ ರೀತಿಯಲ್ಲಿ ಬರುತ್ತದೆ. ಡೊಂಬಿವಲಿ, ಕಲ್ಯಾಣ, ಥಾಣೆ ಅಥವಾ ನವಿಮುಂಬಯಿಯ ಯಾವುದೇ ಕಟ್ಟಡದಲ್ಲಿ ಆ ಬೆಳಿಗ್ಗೆಯನ್ನು ಕಂಡವರಿಗೆ ಅದರ ಸ್ವರೂಪ ಗೊತ್ತು. ಎಚ್ಚರ ಮಾತ್ರ ಅದೇ ಐದೂವರೆಗೆ ಆಗುತ್ತದೆ. ಲೋಕಲ್ ರೈಲಿನ ಪಾಸು ಇನ್ನೂ ಹದಿನೈದು ದಿನ ಚಾಲ್ತಿಯಲ್ಲಿರುತ್ತದೆ, ಹೋಗುವ ಊರು ಮಾತ್ರ ಇರುವುದಿಲ್ಲ. ಮೊದಲ ತಿಂಗಳು ಬ್ಯಾಂಕು, ಭವಿಷ್ಯನಿಧಿ, ಪಿಂಚಣಿಯ ಕಾಗದಪತ್ರಗಳಲ್ಲಿ ಕಳೆಯುತ್ತದೆ. ಎರಡನೆಯ ತಿಂಗಳು ಊರಿಗೆ ಹೋಗಿ ಬಂದದ್ದಾಗುತ್ತದೆ. ಮೂರನೆಯ ತಿಂಗಳಿನಿಂದ ಮನೆಯವರಿಗೆ ನಾವು, ನಮಗೆ ಮನೆಯವರು ಸ್ವಲ್ಪ ಹೆಚ್ಚೇ ಕಾಣಿಸತೊಡಗುತ್ತೇವೆ.

ಮಹಾನಗರದ ಕನ್ನಡಿಗರ ಬದುಕಿನಲ್ಲಿ ಈ ಶೂನ್ಯ ಹೆಚ್ಚು ಢಾಳಾಗಿ ಕಾಣುವುದಕ್ಕೆ ಕಾರಣವಿದೆ. ಫೋರ್ಟ್, ದಾದರ್, ಮಾಟುಂಗಾದ ಚಾಳುಗಳ ಹತ್ತಡಿ ಕೋಣೆಗಳಿಂದ ಹೊರಬಂದು ಸ್ವಂತ ಮನೆಯ ಆಸೆಯಿಂದ ಈ ಉಪನಗರಗಳಿಗೆ ಬಂದ ತಲೆಮಾರು, ಆ ಮನೆಯಲ್ಲಿ ಬಾಳಿದ್ದಕ್ಕಿಂತ ಮಲಗಿದ್ದೇ ಹೆಚ್ಚು. ಡೊಂಬಿವಲಿಯಿಂದ ಬೋರಿಬಂದರಿಗೆ ಐವತ್ತು ಕಿಲೋಮೀಟರಿಗೆ ಸಮೀಪದ ದಾರಿ. ಮನೆಯಿಂದ ಕಚೇರಿ, ಕಚೇರಿಯಿಂದ ಮನೆ ಸೇರಿ ದಿನಕ್ಕೆ ಮೂರು ಗಂಟೆಯೆಂದು ಹಿಡಿದರೂ ವರ್ಷದ ಇನ್ನೂರೈವತ್ತು ಕೆಲಸದ ದಿನಗಳಿಗೆ 750 ಗಂಟೆ; ಮೂವತ್ತು ವರ್ಷಕ್ಕೆ 22,500 ಗಂಟೆ. ನೆರೆಮನೆಯವರ ಹೆಸರು ತಿಳಿಯುವುದಕ್ಕೂ ಪುರುಸೊತ್ತಿಲ್ಲದ ಬದುಕು ಅದು. ಗೆಳೆತನವಿದ್ದದ್ದೂ ರೈಲಿನ ಡಬ್ಬಿಯೊಳಗೇ. ಪಾಸು ಮುಗಿದಾಗ ಆ ಗೆಳೆತನವೂ ಮುಗಿಯಿತು. ಊರಿನಲ್ಲಿಯಾದರೆ ವಯಸ್ಸಾದವರಿಗೆ ತೋಟವಿದೆ, ದೈವಸ್ಥಾನದ ಲೆಕ್ಕವಿದೆ, ಜಗಲಿಯಿದೆ. ಇಲ್ಲಿ ಬಾಗಿಲು ಹಾಕಿದರೆ ಟಿ.ವಿ., ತೆರೆದರೆ ಲಿಫ್ಟು.

ಕಾಲವಾದರೂ ಕಡಿಮೆಯೇ? ಮಹಾರಾಷ್ಟ್ರ ಸರಕಾರದ ಹೆಚ್ಚಿನ ನೌಕರರು 58ಕ್ಕೆ, ಕೇಂದ್ರ ಸರಕಾರ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳ ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಅರವತ್ತನ್ನು ತಲುಪಿದ ಭಾರತೀಯನಿಗೆ ಸರಾಸರಿ ಇನ್ನೂ ಸುಮಾರು ಹದಿನೆಂಟು ವರ್ಷಗಳ ಆಯುಸ್ಸಿರುತ್ತದೆಯೆಂದು ಸರಕಾರದ ಮಾದರಿ ನೋಂದಣಿಯ ಕೋಷ್ಟಕಗಳು ಹೇಳುತ್ತವೆ. ಒಂದನೆಯ ತರಗತಿಗೆ ಸೇರಿದ ಮಗು ಸ್ನಾತಕೋತ್ತರ ಪದವಿ ಪಡೆದು ಹೊರಬರುವಷ್ಟು ಕಾಲವದು. ಅದನ್ನು 'ಉಳಿದ ಕಾಲ' ಎಂದು ಕರೆಯುವುದೇ ತಪ್ಪೆಂದು ನನ್ನ ಅಭಿಪ್ರಾಯ.

ಗುರಿಯೆಂದರೆ ಹವ್ಯಾಸವಲ್ಲ, ಕಾಲಹರಣವಂತೂ ಅಲ್ಲ. ಬೆಳಿಗ್ಗೆ ಉದ್ಯಾನದಲ್ಲಿ ನಡೆಯುವುದು ಒಳ್ಳೆಯ ಅಭ್ಯಾಸ. ಇಂಥ ದಿನದೊಳಗೆ ಇಂಥದನ್ನು ಮುಗಿಸಬೇಕು, ಮುಗಿಯದಿದ್ದರೆ ಮನಸ್ಸಿಗೆ ಕಸಿವಿಸಿಯಾಗಬೇಕು, ಅಂಥದು ಗುರಿ. ನಾಡೋಜ ಜಿ. ವೆಂಕಟಸುಬ್ಬಯ್ಯನವರ ಬಾಳು ಇದಕ್ಕೆ ಸರಿಯಾದ ನಿದರ್ಶನ. 1913ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ವಿಜಯ ಕಾಲೇಜಿನಿಂದ 1973ರಲ್ಲಿ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದಿತ್ತು. ಎಂಟನೆಯ, ಎಂದರೆ ಕೊನೆಯ ಸಂಪುಟ ಬರುವಾಗ 1995. ಪ್ರಧಾನ ಸಂಪಾದಕರಿಗೆ ಆಗ ಎಂಬತ್ತೆರಡು! ನಡುವೆ, 1991ರಲ್ಲಿ, 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣವನ್ನು ಆರಂಭಿಸಿ ಓದುಗರು ಕೇಳಿದ ಪದಗಳಿಗೆ ಅರ್ಥ ಹೇಳತೊಡಗಿದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ನಿಘಂಟಿನ ಕೆಲಸದಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಗಾತ್ರಕ್ಕಿಂತ ಅದರ ರೀತಿ. ಒಂದೊಂದೇ ಪದವಾಗಿ, ಅಕಾರದಿಂದ ತೊಡಗಿ ಮುಂದಕ್ಕೆ ಹೋಗುವ ಕೆಲಸವದು. ಇಂದು ಎಲ್ಲಿಗೆ ಬಂದಿದ್ದೇವೆ, ನಾಳೆ ಎಲ್ಲಿಂದ ತೊಡಗಬೇಕು ಎಂಬುದರಲ್ಲಿ ಸಂಶಯವಿಲ್ಲ. ಎ.ಎನ್. ಮೂರ್ತಿರಾಯರು 'ದೇವರು' ಗ್ರಂಥವನ್ನು ಪ್ರಕಟಿಸಿದ್ದು 1991ರಲ್ಲಿ, ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ. ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳರಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸೋತದ್ದನ್ನೂ ಇಲ್ಲಿ ಸೇರಿಸಿದ್ದೇನೆ. ಇಳಿವಯಸ್ಸಿನ ಗುರಿಗಳೆಲ್ಲ ಕೈಗೂಡಿಯೇ ತೀರಬೇಕೆಂಬ ನಿಯಮವಿಲ್ಲ. ಸೋಲಿಗೆ ಅಂಜುವ ಕಾರಣಗಳು, ಬಡ್ತಿ ತಪ್ಪುವ ಭಯವೇ ಮೊದಲಾದವು, ಆ ವಯಸ್ಸಿಗೆ ಮುಗಿದಿರುತ್ತವಲ್ಲವೆ!

ವಿಜ್ಞಾನಿಗಳೂ ಇದರತ್ತ ಗಮನ ಹರಿಸಿದ್ದಾರೆ. ಅಮೆರಿಕದ ಶಿಕಾಗೋದ ರಶ್ ವಿಶ್ವವಿದ್ಯಾಲಯದವರು ಒಂಬೈನೂರಕ್ಕಿಂತ ಹೆಚ್ಚು ಹಿರಿಯರನ್ನು ಏಳು ವರ್ಷಗಳವರೆಗೆ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಳಿಗೊಂದು ಉದ್ದೇಶವಿದೆಯೆಂದು ಬಲವಾಗಿ ಭಾವಿಸಿದವರು ಅಲ್ಜೈಮರ್ ಮರೆಗುಳಿತನದಿಂದ ಪಾರಾಗಿ ಉಳಿಯುವ ಸಂಭವ ಇತರರಿಗಿಂತ ಸುಮಾರು 2.4 ಪಟ್ಟು ಹೆಚ್ಚೆಂದು ಕಂಡುಬಂತು. ಇದನ್ನು ಓದಿ ಗುರಿಯೆಂದರೆ ಔಷಧಿಯೆಂದು ಯಾರೂ ತಿಳಿಯಬಾರದು. ಉದ್ದೇಶವಿದ್ದುದರಿಂದ ಮಿದುಳು ಚೆನ್ನಾಗಿತ್ತೋ, ಮಿದುಳು ಚೆನ್ನಾಗಿದ್ದುದರಿಂದ ಉದ್ದೇಶ ಉಳಿದಿತ್ತೋ ಎಂಬುದನ್ನು ಇಂಥ ಅಧ್ಯಯನ ಪೂರ್ತಿಯಾಗಿ ಬಿಡಿಸಿ ಹೇಳಲಾರದು. ಎರಡಕ್ಕೂ ನಂಟಿದೆಯೆಂಬಷ್ಟು ನಿಶ್ಚಯ.

ಇದಕ್ಕಿಂತ ನಮಗೆ ಉಪಯುಕ್ತವಾದದ್ದು ಜರ್ಮನಿಯ ಮನಶ್ಶಾಸ್ತ್ರಜ್ಞರಾದ ಪೌಲ್ ಮತ್ತು ಮಾರ್ಗರೆಟ್ ಬಾಲ್ಟೆಸ್ ದಂಪತಿ 1990ರಲ್ಲಿ ಮಂಡಿಸಿದ ವಿಚಾರ. ವಯಸ್ಸಾದಂತೆ ಶಕ್ತಿ ಕುಂದುವುದು ಸಹಜ. ಜಾಣರು ಮೂರು ಉಪಾಯಗಳಿಂದ ಅದನ್ನು ನಿಭಾಯಿಸುತ್ತಾರೆ ಎಂದು ಅವರು ಹೇಳಿದರು. ಮಾಡುವ ಕೆಲಸಗಳನ್ನು ಕಡಿಮೆ ಮಾಡಿ ಆರಿಸಿಕೊಳ್ಳುವುದು, ಆರಿಸಿಕೊಂಡದ್ದನ್ನು ಹೆಚ್ಚು ಅಭ್ಯಾಸ ಮಾಡುವುದು, ಕುಂದಿದ್ದನ್ನು ಬೇರೊಂದು ದಾರಿಯಿಂದ ಸರಿದೂಗಿಸುವುದು. ಅವರು ಕೊಟ್ಟ ಉದಾಹರಣೆ ಪ್ರಸಿದ್ಧ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರದು. ಎಂಬತ್ತರ ಆ ಕಲಾವಿದರು ಕೆಲವೇ ಕೃತಿಗಳನ್ನು ನುಡಿಸುತ್ತಿದ್ದರು, ಅವನ್ನು ಹೆಚ್ಚು ಸಾಧನೆ ಮಾಡುತ್ತಿದ್ದರು, ವೇಗದ ಭಾಗಕ್ಕೆ ಮುಂಚೆ ಬೇಕೆಂದೇ ನಿಧಾನಿಸುತ್ತಿದ್ದರು. ಹಾಗಾಗಿ ಮುಂದಿನದು ಕೇಳುಗರಿಗೆ ವೇಗವಾಗಿಯೇ ಕೇಳುತ್ತಿತ್ತು.

ಪಿಯಾನೋ ನಮಗೆ ದೂರ. ಆದರೆ ಇದೇ ಉಪಾಯವನ್ನು ಯಕ್ಷಗಾನದ ನಮ್ಮವರು ಯಾವ ಪುಸ್ತಕವನ್ನೂ ಓದದೆ ಅನುಸರಿಸುತ್ತ ಬಂದಿದ್ದಾರೆ. ಮೊಣಕಾಲು ಗೆಜ್ಜೆಯ ಭಾರವನ್ನು ತಾಳದಾದಾಗ ವೇಷಧಾರಿಯಾಗಿದ್ದವನು ತಾಳಮದ್ದಳೆಯ ಅರ್ಥಧಾರಿಯಾಗಿ ಕುಳಿತುಕೊಳ್ಳುತ್ತಾನೆ. ಅಲ್ಲಿ ಕುಣಿತವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ಮಾತಿದೆ, ತರ್ಕವಿದೆ, ಪುರಾಣಜ್ಞಾನವಿದೆ. ಅರವತ್ತು ವರ್ಷ ಲೋಕವನ್ನು ಕಂಡವನ ಬಾಯಲ್ಲಿ ಭೀಷ್ಮನ ಮಾತಿಗೆ ಬರುವ ತೂಕ ಇಪ್ಪತ್ತರ ತರುಣನಿಗೆ ಬಾರದು. ಎಂದೂ ಗೆಜ್ಜೆ ಕಟ್ಟದ, ಹೊಟೇಲಿನ ಗಲ್ಲಾಪೆಟ್ಟಿಗೆಯ ಹಿಂದೆ ಅಥವಾ ಕಾರ್ಖಾನೆಯಲ್ಲಿ ಆಯುಷ್ಯ ಕಳೆದ ತುಳು-ಕನ್ನಡಿಗನೊಬ್ಬ ಅರ್ಥಗಾರಿಕೆಯನ್ನು ಅರವತ್ತರಲ್ಲಿ ಕಲಿಯತೊಡಗಬಹುದು. ಆದರೆ ಅದು ಸುಲಭವೆಂದು ತಿಳಿಯಬಾರದು. ಪ್ರಸಂಗದ ಪದ್ಯಗಳು ಕಂಠಸ್ಥವಾಗಬೇಕು, ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಓದಿರಬೇಕು, ಎದುರಾಳಿ ಎತ್ತಿದ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಟ್ಟಬೇಕು. ವರ್ಷಕ್ಕೊಂದು ಪಾತ್ರದಂತೆ ಸಿದ್ಧಮಾಡಿಕೊಂಡರೂ ಐದು ವರ್ಷಕ್ಕೆ ಐದು ಪಾತ್ರ ಕೈವಶವಾಗುತ್ತದೆ. ಮುಂದೆ ಗುರಿ, ಹಿಂದೆ ಗುರು ಎನ್ನುತ್ತಾರೆ. ಈ ವಯಸ್ಸಿನಲ್ಲಿ ಗುರು ನಮಗಿಂತ ಕಿರಿಯನಿರುತ್ತಾನೆ. ಅದನ್ನು ಒಪ್ಪಿಕೊಳ್ಳಲಾರದೆ ಕಲಿಕೆಯನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ನಮ್ಮವರ ಇನ್ನೊಂದು ಅಪೂರ್ಣ ಕೆಲಸ ಓದು. ಮುಂಬಯಿ ಕನ್ನಡಿಗರ ಇತಿಹಾಸದಲ್ಲಿ ರಾತ್ರಿಶಾಲೆಗಳಿಗೆ ದೊಡ್ಡ ಸ್ಥಾನವಿದೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ಗುರುನಾರಾಯಣ ರಾತ್ರಿಶಾಲೆಯನ್ನು ನಡೆಸಿದ ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು, ಹಗಲು ಹೊಟೇಲಿನಲ್ಲಿ ಲೋಟ ತೊಳೆದ ಹುಡುಗರನ್ನು ರಾತ್ರಿ ಬೆಂಚಿನ ಮೇಲೆ ಕೂರಿಸಿ ವಿದ್ಯಾವಂತರನ್ನಾಗಿ ಮಾಡಿದವು. ಅವರಲ್ಲಿ ಎಷ್ಟೋ ಮಂದಿ ಎಸ್.ಎಸ್.ಸಿ.ಗೆ ನಿಂತರು; ತಂಗಿಯ ಮದುವೆ, ಊರಿನ ಸಾಲ, ಬಳಿಕ ತಮ್ಮದೇ ಸಂಸಾರ ಅಡ್ಡಬಂದವು. ಹಾಗೆ ನಿಂತುಹೋದದ್ದನ್ನು ಈಗ ಮುಂದುವರಿಸಲು ಬಾಗಿಲುಗಳಿವೆ. ಹತ್ತನೆಯ ತರಗತಿಯನ್ನೇ ಮುಗಿಸದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ. ಅಲ್ಲಿ ಗರಿಷ್ಠ ವಯಸ್ಸಿನ ಮಿತಿಯಿಲ್ಲ, ಕನ್ನಡವನ್ನು ವಿಷಯವಾಗಿ ತೆಗೆದುಕೊಳ್ಳುವ ಅವಕಾಶವೂ ಇದೆ. ಪದವಿಗೆ 1985ರ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಮತ್ತು ನಾಸಿಕದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ (1989) ಇವೆ. ಪದವಿಯಾದವರಿಗೆ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ 1978ರಿಂದ ಕನ್ನಡ ವಿಭಾಗವಿದೆ. ತಲೆ ನರೆತ ಮೇಲೆ ಅಲ್ಲಿ ಎಂ.ಎ.ಗೂ ಸಂಶೋಧನೆಗೂ ಸೇರಿದ ಕನ್ನಡಿಗರ ಸುದ್ದಿಯನ್ನು ಇಂಥ ಪುಟಗಳ ಓದುಗರು ಎಷ್ಟೋ ಬಾರಿ ಓದಿದ್ದಾರೆ. ಗ್ರಂಥಪಾಲಕ ವೃತ್ತಿಯಿಂದ ಬಂದು ಆ ವಿಭಾಗದಲ್ಲಿ ದುಡಿದ ಶ್ರೀನಿವಾಸ ಹಾವನೂರರೇ 'ಹೊಸಗನ್ನಡದ ಅರುಣೋದಯ' (1974) ಎಂಬ ಮಹಾಪ್ರಬಂಧವನ್ನು ಬರೆದದ್ದು ನಡುವಯಸ್ಸಿನಲ್ಲಿ.

ಡೊಂಬಿವಲಿ, ಕಲ್ಯಾಣದವರು ಕುರ್ಲಾದಲ್ಲಿ ಇಳಿದು ಕಲೀನಾಕ್ಕೆ ಹೋಗಬೇಕು. ನವಿಮುಂಬಯಿಯವರಿಗೂ ಹಾರ್ಬರ್ ಮಾರ್ಗದಿಂದ ಕುರ್ಲಾವೇ ಹತ್ತಿರ. ಬೆಳಗಿನ ನೂಕುನುಗ್ಗಲು ಕರಗಿದ ಬಳಿಕ ಹೊರಡುವಂತಿದ್ದರೆ ಮಾತ್ರ ಈ ಗುರಿಯನ್ನು ಇಟ್ಟುಕೊಳ್ಳಿರಿ ಎಂದು ನಾನು ಹೇಳುತ್ತೇನೆ. ಅರವತ್ತೈದರ ದೇಹ ಒಂಬತ್ತರ ಫಾಸ್ಟ್ ಲೋಕಲ್ಲಿಗೆ ಹೇಳಿದ್ದಲ್ಲ. ಗುರಿಯನ್ನು ಆರಿಸುವಾಗ ಪ್ರವೇಶ ಶುಲ್ಕವನ್ನು ವಿಚಾರಿಸುವ ನಾವು, ಮೊಣಕಾಲನ್ನೂ ರೈಲ್ವೆ ಸೇತುವೆಯ ಮೆಟ್ಟಿಲುಗಳನ್ನೂ ವಿಚಾರಿಸುವುದಿಲ್ಲ. ಎರಡು ತಿಂಗಳಿಗೆ ಓದು ನಿಂತಾಗ ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುತ್ತಾರೆ, ಪಾಪ.

ಇಲ್ಲಿಯ ತನಕ ಬರೆದದ್ದೆಲ್ಲ ಗಂಡಸರನ್ನು ಕುರಿತೇ ಬರೆದಂತಾಯಿತೆಂದು ನನ್ನ ಪತ್ನಿ ಹೇಳಿದಳು. ಮಾತು ಸರಿ. ಮನೆವಾರ್ತೆ ನೋಡಿಕೊಂಡ ಹೆಂಗಸಿಗೆ ಐವತ್ತೆಂಟರ ನಿವೃತ್ತಿಯೂ ಇಲ್ಲ, ಬೀಳ್ಕೊಡುಗೆಯ ಶಾಲೂ ಇಲ್ಲ. ಮಗ-ಸೊಸೆ ಇಬ್ಬರೂ ದುಡಿಯುವ ಈ ನಗರದಲ್ಲಿ ಅಡುಗೆಮನೆಯ ಜೊತೆಗೆ ಮೊಮ್ಮಕ್ಕಳ ಶಾಲಾಬಸ್ಸಿನ ವೇಳಾಪಟ್ಟಿಯೂ ಅವಳ ಕೊರಳಿಗೆ ಬೀಳುತ್ತದೆ. ಗಂಡ ನಿವೃತ್ತನಾದ ಬಳಿಕ ಆಕೆಯ ಚಹಾದ ಪಾತ್ರೆ ದಿನಕ್ಕೆ ಎರಡು ಬಾರಿ ಹೆಚ್ಚಾಗಿ ಒಲೆಯೇರುತ್ತದೆ. ಆಕೆಗೂ ಒಂದು ಗುರಿಯಿರಬಹುದೆಂಬುದು ಮನೆಯವರ ಮನಸ್ಸಿಗೇ ಹೊಳೆಯುವುದಿಲ್ಲ. ನಮ್ಮ ಮನೆಯಲ್ಲಿ ಇದನ್ನು ಬಗೆಹರಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಗಡಿಯಾರ. ಮಧ್ಯಾಹ್ನ ಮೂರರಿಂದ ಐದರವರೆಗೆ ಅವಳನ್ನು ಯಾರೂ ಕರೆಯಕೂಡದೆಂದು ಮಗ, ಸೊಸೆ ಹಾಗೂ ನಾನು ಕುಳಿತು ನಿರ್ಧರಿಸಿದೆವು. ಮೊಮ್ಮಗಳನ್ನು ಬಸ್ಸಿನಿಂದ ಇಳಿಸಿ ತರುವುದು ನನ್ನ ಪಾಲಿಗೆ ಬಂತು. ಅವಳು ಆ ಹೊತ್ತಿನಲ್ಲಿ ಸಂಗೀತ ಕಲಿಯುತ್ತಾಳೆ. ಮದುವೆಗೆ ಮೊದಲು ಕಲಿತು ನಿಲ್ಲಿಸಿದ ವರ್ಣದಿಂದಲೇ ತೊಡಗಿದಳು. ನಲವತ್ತೊಂದು ವರ್ಷದ ಬಳಿಕವೂ ನೆನಪಿತ್ತು!

ನನ್ನ ಕಥೆ ಅಷ್ಟು ಸರಳವಾಗಲಿಲ್ಲ. ನಿವೃತ್ತನಾದ ವರ್ಷ ಹೊಸ ಡೈರಿಯ ಮೊದಲ ಪುಟದಲ್ಲಿ ಹನ್ನೊಂದು ಗುರಿಗಳನ್ನು ಬರೆದಿದ್ದೆ. ಸಂಸ್ಕೃತ, ಯೋಗ, ಚಾರ್‌ಧಾಮ, ಕುಮಾರವ್ಯಾಸ ಭಾರತದ ಓದು, ಇನ್ನೇನೇನೋ. ಹತ್ತನೆಯದು, ಊರಿನಲ್ಲಿದ್ದ ಸೋದರತ್ತೆಯಿಂದ ಪಾಡ್ದನಗಳನ್ನು ಕೇಳಿ ಬರೆದುಕೊಳ್ಳುವುದು. ಗದ್ದೆಯಲ್ಲಿ ನೇಜಿ ನೆಡುವಾಗ ಅವರು ಹಾಡುತ್ತಿದ್ದ ತುಳು ಪಾಡ್ದನಗಳು ನನ್ನ ಬಾಲ್ಯದ ಮಳೆಗಾಲದ ಸದ್ದಾಗಿದ್ದವು. ಒಂದನ್ನು ಹಾಡಿ ಮುಗಿಸಲು ಅರ್ಧ ದಿನ ಹಿಡಿಯುತ್ತಿತ್ತು. ಊರಿಗೆ ಹೋದಾಗ ಮಾಡಿದರಾಯಿತು ಎಂದುಕೊಂಡೆ. ಥಾಣೆಯಿಂದ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ, ದೂರವೇನು? ಮೊದಲ ವರ್ಷ ಯೋಗದ ತರಗತಿ, ಎರಡನೆಯ ವರ್ಷ ಚಾರ್‌ಧಾಮ. ಮೂರನೆಯ ವರ್ಷದ ಆಷಾಢದಲ್ಲಿ ಹೊಸ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವುದನ್ನು ಮೊಮ್ಮಗಳಿಂದ ಕಲಿತು ಹೋದೆ. ಅತ್ತೆ ಜಗಲಿಯಲ್ಲಿ ಕುಳಿತಿದ್ದರು. ಮೈ ಗಟ್ಟಿಯಾಗಿಯೇ ಇತ್ತು. ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ನೀನು ಯಾರ ಮಗ ಮಾರಾಯಾ?" ಎಂದು ಕೇಳಿದರು. ಮೂರು ದಿನ ಅಲ್ಲಿದ್ದೆ. ಒಮ್ಮೆ ಎರಡು ಸಾಲು ಬಂದವು. ಅವೂ ಅದೇ ಎರಡು ಸಾಲು, ಮತ್ತೆ ಮತ್ತೆ. ಅವು ನನ್ನ ಮೊಬೈಲಿನಲ್ಲಿವೆ.

ಗುರಿಗಳಲ್ಲಿ ಕಾಯುವವು ಮತ್ತು ಕಾಯದವು ಎಂದು ಎರಡು ಜಾತಿಯಿದೆಯೆಂದು ನನಗೆ ತಿಳಿದದ್ದು ಹಾಗೆ. ಬದರಿನಾಥ ಕಾಯುತ್ತಿತ್ತು, ಕುಮಾರವ್ಯಾಸನೂ ಕಾಯುತ್ತಿದ್ದ. ಡೈರಿಯ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ಬರೆದಿದ್ದೆನೇ ಹೊರತು, ಯಾವುದು ಕೈಬಿಟ್ಟು ಹೋದೀತು ಎಂಬ ಕ್ರಮದಲ್ಲಿ ಬರೆದಿರಲಿಲ್ಲ. ಹಿರಿಯ ಬಂಧುವೊಬ್ಬರ ನೆನಪು, ಮೊಮ್ಮಗುವಿನ ಬಾಯಿಗೆ ಕನ್ನಡ ಹತ್ತುವ ವಯಸ್ಸು, ಮುನಿಸಿಕೊಂಡ ತಮ್ಮನೊಡನೆ ಆಡಬೇಕಾದ ಮಾತು ಇವು ಕಾಯದವು. ಇವಕ್ಕೆ ಹಣವೂ ಹೆಚ್ಚು ಬೇಡ, ಪ್ರವೇಶ ಪರೀಕ್ಷೆಯೂ ಇಲ್ಲ. ಆದುದರಿಂದಲೇ ಮುಂದೂಡುವುದು ಸುಲಭ.

ಕಾಯದವುಗಳ ಪಟ್ಟಿಗೆ ನಮ್ಮ ಸಂಘಸಂಸ್ಥೆಗಳ ಕಪಾಟುಗಳನ್ನೂ ಸೇರಿಸಬೇಕು. ಈ ಉಪನಗರಗಳಲ್ಲಿ ಕನ್ನಡದ ಕೆಲಸ ದಶಕಗಳಿಂದ ನಡೆದಿದೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ಕಟ್ಟಿ ಬೆಳೆಸಿದೆ. ಇಂಥ ಸಂಸ್ಥೆಗಳ ಚರಿತ್ರೆ ಹೆಚ್ಚಾಗಿ ಉಳಿದಿರುವುದು ಹಳೆಯ ಸ್ಮರಣ ಸಂಚಿಕೆಗಳಲ್ಲಿ; ಅವು ಗೆದ್ದಲಿಗೂ ಮಳೆಗಾಲದ ತೇವಕ್ಕೂ ಆಹಾರವಾಗುತ್ತಿವೆ. ಸಂಸ್ಥೆಯ ಅನುಮತಿ ಪಡೆದು ವಾರಕ್ಕೊಂದು ಸಂಚಿಕೆಯನ್ನು ಮೊಬೈಲಿನಲ್ಲಿಯೇ ಪುಟಪುಟವಾಗಿ ಸ್ಕ್ಯಾನ್ ಮಾಡುವುದು ನಿವೃತ್ತ ಗುಮಾಸ್ತನಿಗೆ ಹೇಳಿ ಮಾಡಿಸಿದಂಥ ಕೆಲಸ. ಬರೆಯಬಲ್ಲವರು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಲೇಖನಗಳನ್ನು ಸೇರಿಸಬಹುದು. ಆದರೆ ಅಲ್ಲಿ ನಮ್ಮ ನೆನಪು ಆಧಾರವಾಗಿ ನಡೆಯದು, ಅಚ್ಚಾದ ದಾಖಲೆಯನ್ನು ತೋರಿಸಬೇಕು. ಆ ದೃಷ್ಟಿಯಿಂದಲೂ ಸ್ಮರಣ ಸಂಚಿಕೆಗಳು ಉಳಿಯಬೇಕಾಗಿದೆ.

ನನ್ನ ಡೈರಿಯ ಹನ್ನೊಂದರಲ್ಲಿ ಈಗ ಉಳಿದಿರುವುದು ಒಂದೇ. ಗದುಗಿನ ಭಾರತದಲ್ಲಿ ಹತ್ತು ಪರ್ವಗಳು, 152 ಸಂಧಿಗಳು, ಎಂಟು ಸಾವಿರದ ಇನ್ನೂರಕ್ಕೂ ಮಿಕ್ಕಿದ ಷಟ್ಪದಿಗಳು. ದಿನಕ್ಕೆ ಹತ್ತರಂತೆ ಓದಿದರೆ ಎರಡು ವರ್ಷ ಮೂರು ತಿಂಗಳಿನಲ್ಲಿ ಮುಗಿಯುತ್ತದೆಂದು ಬ್ಯಾಂಕಿನವನ ಬುದ್ಧಿಯಿಂದ ಲೆಕ್ಕ ಹಾಕಿದ್ದೆ. ಒಬ್ಬನೇ ಓದಿದಾಗ ಆದಿಪರ್ವದಲ್ಲಿಯೇ ಎರಡು ಬಾರಿ ನಿಂತಿತು. ಬಳಿಕ ನಾವು ನಾಲ್ವರಾದೆವು: ನಮ್ಮ ಕಟ್ಟಡದವರಿಬ್ಬರು, ಕಲ್ಯಾಣದಿಂದ ಬರುವ ನಿವೃತ್ತ ಶಿಕ್ಷಕಿಯೊಬ್ಬರು, ನಾನು. ಮಂಗಳವಾರ ಮತ್ತು ಶುಕ್ರವಾರ, ಒಂದೊಂದು ಬೈಠಕ್ಕಿಗೆ ಮೂವತ್ತು ಪದ್ಯ. ಶಿಕ್ಷಕಿ ರಾಗವಾಗಿ ವಾಚಿಸುತ್ತಾರೆ, ಉಳಿದವರು ಸರದಿಯಂತೆ ಅರ್ಥ ಹೇಳಬೇಕು. ಅರ್ಥ ಹೇಳಬೇಕಾದವನು ಹಿಂದಿನ ರಾತ್ರಿ ನಿಘಂಟನ್ನು ಬಿಡಿಸಿಯೇ ಬಿಡಿಸುತ್ತಾನೆ. ಇಲ್ಲವಾದರೆ ಮೇಡಂ ಮುಂದೆ ಮರ್ಯಾದೆ ಹೋಗುತ್ತದೆ. ಲೆಕ್ಕ ಹಾಕಿದ ಎರಡೂಕಾಲು ವರ್ಷ ಎಂದೋ ಮೀರಿತು.

ಕಳೆದ ಮಳೆಗಾಲದಲ್ಲಿ ನಾವು ವಿರಾಟಪರ್ವಕ್ಕೆ ಬಂದೆವು. ವಿರಾಟಪರ್ವವನ್ನು ಓದಿದರೆ ಮಳೆ ಬರುತ್ತದೆಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲುಗಳು ತಡವಾಗಿ ಓಡುತ್ತಿದ್ದ ಶುಕ್ರವಾರ ಶಿಕ್ಷಕಿಯವರು ಕಲ್ಯಾಣದಿಂದ ಕೊಡೆ ಹಿಡಿದು ರಿಕ್ಷಾದಲ್ಲಿಯೇ ಬಂದಿಳಿದರು. ಈ ಪರ್ವವನ್ನು ಸ್ವಲ್ಪ ಬೇಗ ಮುಗಿಸಿಬಿಡೋಣವೇ ಮೇಡಂ ಎಂದು ಕೆಳಮಹಡಿಯವರು ಕೇಳಿದರು. ಅವರು ಒಪ್ಪಲಿಲ್ಲ. ಆ ದಿನವೂ ಮೂವತ್ತು ಪದ್ಯಗಳೇ ಆದವು.